ಹನ್ನೊಂದನೆಯ ನರ

ಕಾಫಿ ಪುಡಿಯ ವಾಸನೆ ಇಲ್ಲಿಯವರೆಗೂ ಬಂತು, ಕಿಟಕಿಯ ಪಕ್ಕದ ಈ ಕುರ್ಚಿಯವರೆಗೂ, ಅಂದರೆ ನನ್ನ ಮೊದಲನೆಯ ನರ, ವಾಸನೆಯದು, ನೆಟ್ಟಗಿದೆ, ಯಾರೂ ಕೇಳದಿದ್ದರೂ ತನ್ನ ಕೆಲಸ ಮಾಡುತ್ತಿದೆ — ಪರೀಕ್ಷೆಗೆ ನಿಂತ ಹುಡುಗಿ ಸಣ್ಣ ಸೀಸೆಯ ಮುಚ್ಚಳ ತೆಗೆದು, ಹಾಸಿಗೆಯ ಅಂಚಿನಲ್ಲಿ ಕೂತವರ ಮೂಗಿನ ಹತ್ತಿರ ಹಿಡಿದಿದ್ದಾಳೆ, ಕಣ್ಣು ಮುಚ್ಕೊಳ್ಳಿ ಮೇಡಂ, ಒಂದು ಹೊಳ್ಳೆ ಒತ್ತಿ ಹಿಡೀರಿ, ಏನು ವಾಸನೆ ಬರ್ತಿದೆ ಹೇಳಿ, ಕಾಫಿ ಮರಿ, ನಮ್ಮ ಸ್ಟಾಫ್ ರೂಮಿನ ಕಾಫಿಗಿಂತ ಎಷ್ಟೋ ವಾಸಿ, ಈಗ ಇನ್ನೊಂದು ಕಡೆ ಮೇಡಂ, ಈ ಕಡೆಯೂ ಅದೇ ಕಾಫಿ. ಈ ಕಾಲದಲ್ಲಿ ಮೊದಲನೆಯ ನರವನ್ನು ಯಾರು ನೋಡುತ್ತಾರೆ, ಇಪ್ಪತ್ತಾರು ವರ್ಷದಲ್ಲಿ ನಾನು ನೋಡಿದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಎಲ್ಲರೂ ಎರಡರಿಂದ ಶುರುಮಾಡಿ ಹನ್ನೆರಡೂ ಸರಿಯಾಗಿವೆ ಎಂದು ಬರೆದುಬಿಡುತ್ತಾರೆ, ಇವಳು ಮನೆಯಿಂದ ಸೀಸೆ ತುಂಬಿಕೊಂಡು ಬಂದಿದ್ದಾಳೆ. ಕೋಟಿನ ಜೇಬಿನಲ್ಲಿ ಹತ್ತಿ, ಟಾರ್ಚು, ಗುಂಡುಸೂಜಿ, ಅಕ್ಷರದ ಚೀಟಿ, ಯಾವುದನ್ನೂ ಬಿಡುವ ಪೈಕಿ ಅಲ್ಲ. ಒಂದು ಮುಗಿಯಿತು, ಇನ್ನು ಒಂಬತ್ತು ದಾಟಿದರೆ ಹನ್ನೊಂದು, ಅಲ್ಲಿ ನಾನು ಕೂತಿದ್ದೇನೆ.

ಮೂರನೆಯ ಹಾಸಿಗೆ, ಹೆಂಗಸು, ನಲವತ್ತೆರಡು, ಬಲ ಹೆಗಲು ಇಳಿದಿದೆ — ಬೆಳಿಗ್ಗೆ ಪರೀಕ್ಷೆಯ ರೋಗಿಗಳ ಪಟ್ಟಿ ಕೈಗೆ ಬಂದಾಗಲೇ ಗೊತ್ತಾಯಿತು, ಈ ರೋಗಿ ಬೇಡ, ಬೇರೆ ಯಾರನ್ನಾದರೂ ಕೂರಿಸಿ ಎನ್ನಬಹುದಿತ್ತು, ಯಾಕೆ ಸರ್ ಎಂದು ಕೇಳಿದರೆ ಏನು ಹೇಳುವುದು, ಕೇಳಿಯಾರು ಎಂಬ ಭಯಕ್ಕೇ ಪಟ್ಟಿಗೆ ಸಹಿ ಹಾಕಿ ಬಂದು ಕೂತೆ, ನನ್ನ ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, ಹುಡುಗರು ಇವರಿಗೆ ಜರಡಿ ಎಂದು ಹೆಸರಿಟ್ಟಿದ್ದಾರೆ, ಕಾಳು ಯಾವುದು ಕಲ್ಲು ಯಾವುದು ಎಂದು ಆಡಿಸಿ ಆಡಿಸಿ ನೋಡುವವರು. ಹನ್ನೆರಡೂ ನರ ಪರೀಕ್ಷಿಸಮ್ಮ, ಒಂದನ್ನೂ ಹಾರಿಸಬೇಡ, ಆಮೇಲೆ ಏನು ತೊಂದರೆ ಅಂತ ನೀನೇ ಹೇಳು, ಎಂದರು, ಮೊಣಕಾಲ ಮೇಲೆ ಆಸ್ಪತ್ರೆಯ ಫೈಲು ಮುಚ್ಚಿಟ್ಟುಕೊಂಡು. ಹಾಸಿಗೆಯ ಮೇಲೆ ಕೂತವರು ನನ್ನ ಮಗಳ ಗಣಿತದ ಟೀಚರು. ವಿದ್ಯಾರ್ಥಿಗಳಿಗೆ ಏನೂ ಬಾಯಿಬಿಡಬಾರದು ಎಂದು ಅವರಿಗೆ ಹೇಳಿಟ್ಟಿದ್ದಾರೆ, ಅದಕ್ಕೇ ನನ್ನನ್ನು ನೋಡಿ ಬರೀ ನಕ್ಕರು, ಎಂಥ ನಗು, ತಮ್ಮ ಪುಣ್ಯಕ್ಕೆ ಸಿಕ್ಕ ಡಾಕ್ಟರನ್ನು ನೋಡುವ ನಗು, ನಾನು ಫ್ಯಾನಿನ ಕಡೆ ನೋಡಿದೆ.

ಚೀಟಿಯ ಸಣ್ಣ ಅಕ್ಷರ ಓದಿಸಿದಳು, ಬೆರಳು ಆಡಿಸಿ ಎಷ್ಟು ದೂರದವರೆಗೆ ಕಾಣುತ್ತದೆ ಎಂದು ನೋಡಿದಳು, ಟಾರ್ಚಿನ ಬೆಳಕು ಬಿದ್ದ ಕಡೆ ಪಾಪೆ ಚಿಕ್ಕದಾಯಿತು, ತಲೆ ಅಲ್ಲಾಡಿಸದೆ ನನ್ನ ಬೆರಳನ್ನೇ ನೋಡ್ತಿರಿ ಮೇಡಂ, ಟೀಚರಿನ ಕಣ್ಣುಗಳು ಬೆರಳಿನ ಹಿಂದೆ ಹೋದವು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬಂದಾಗ ದಾರಿಯಲ್ಲಿ ನಾನಿದ್ದೆ, ಒಂದು ಕ್ಷಣ ನಿಂತು ಮುಂದೆ ಹೋದವು. ಮೂರು, ನಾಲ್ಕು, ಆರು, ಮೂರೂ ಕಣ್ಣು ತಿರುಗಿಸುವ ನರಗಳು, ಆ ಕಣ್ಣಿಗೇ ನಾನು ಹದಿನಾಲ್ಕು ತಿಂಗಳಿಂದ ಮಣ್ಣೆರಚುತ್ತಿದ್ದೇನೆ. ಹತ್ತಿಯ ಎಳೆಯಿಂದ ಹಣೆ ಮುಟ್ಟಿ, ಕೆನ್ನೆ ಮುಟ್ಟಿ, ಗಲ್ಲ ಮುಟ್ಟಿ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತಾ ಎಂದು ಕೇಳುತ್ತಿದ್ದಾಳೆ, ಹಲ್ಲು ಕಚ್ಚಿ ಹಿಡೀರಿ, ದವಡೆಯ ಮೇಲೆ ಬೆರಳಿಟ್ಟಳು, ಐದು. ಟೀಚರು ಇವಳ ಕಡೆಗೇ ಸೇರಿಕೊಂಡುಬಿಟ್ಟಿದ್ದಾರೆ, ಬೋರ್ಡಿನ ಮುಂದೆ ಚಾಕ್ ಹಿಡಿದು ನಿಂತ ಮಗುವಿಗೆ ಲೆಕ್ಕ ಬರಲಿ ಎಂದು ಹಾರೈಸುವ ಮುಖ, ಹೆದರಬೇಡ ಮರಿ, ನಿಧಾನಕ್ಕೆ ಮಾಡು, ಎಂದೂ ಅಂದರು, ಜರಡಿ ಕೆಮ್ಮಿದರು. ಒಂದು ಮುಗಿದಂತೆ ಒಂದು ಬರುತ್ತಿದೆ, ಬಸ್ಸಿನ ಕಂಡಕ್ಟರು ಹಿಂದಿನ ಸೀಟಿನಿಂದ ಟಿಕೆಟ್ ಕೇಳುತ್ತಾ ಬರುವಾಗ ಟಿಕೆಟ್ ಇಲ್ಲದವನು ಹೊರಗೆ ನೋಡುತ್ತಾ ಕೂರುತ್ತಾನಲ್ಲ, ಹಾಗೆ ಕೂತಿದ್ದೇನೆ, ಬಿಳಿಗೂದಲು, ಪ್ರೊಫೆಸರ್, ಎರಡಾಳೆತ್ತರದ ಮರ್ಯಾದೆ.

ಹನ್ನೆರಡು ಜೊತೆ ನರ ಮಕ್ಕಳಾ, ಎಂದು ಪ್ರತಿ ವರ್ಷ ನಾನೇ ಹೇಳುತ್ತೇನೆ, ಎಲ್ಲವೂ ಮಿದುಳಿನಿಂದ ಹೊರಡುತ್ತವೆ, ಹನ್ನೊಂದನೆಯದು ಮಾತ್ರ ಸ್ವಲ್ಪ ಹಟಮಾರಿ, ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಹುಟ್ಟಿ, ತಲೆಬುರುಡೆಯೊಳಕ್ಕೆ ಹತ್ತಿ, ತವರಿಗೆ ಹೋಗಿ ಬಂದ ಹಾಗೆ ಮತ್ತೆ ಕೆಳಗಿಳಿದು, ಮೊದಲು ಕತ್ತು ತಿರುಗಿಸುವ ಸ್ನಾಯುವಿಗೆ ಕವಲು ಕೊಟ್ಟು, ಆಮೇಲೆ ಕತ್ತಿನ ಪಕ್ಕದಲ್ಲಿ, ಚರ್ಮದ ಕೆಳಗೇ, ಕೊಬ್ಬಿನಲ್ಲಿ ಹಾದು ಹೆಗಲಿಗೆ ಹೋಗುತ್ತದೆ, ದಾರದಷ್ಟು ದಪ್ಪ, ಅಲ್ಲಿ ಗಂಟು ತೆಗೆಯಲು ಕೈ ಹಾಕುವವರು ಮೊದಲು ನರ ಹುಡುಕಿ, ಆಮೇಲೆ ಗಂಟು ಮುಟ್ಟಿ — ಹಳದಿ ಚಾಕಿನಲ್ಲಿ ಗೀಟು ಎಳೆದು ತೋರಿಸುತ್ತೇನೆ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಟೀಚರಿನ ಕತ್ತಿನಲ್ಲಿ ಅಡಿಕೆ ಗಾತ್ರದ ಗಂಟು, ಅಷ್ಟೇ ಇದ್ದದ್ದು. ಕ್ಯಾನ್ಸರೋ ಏನೋ ಎಂದು ಟೀಚರು ಮೂರು ವಾರ ನಿದ್ದೆ ಬಿಟ್ಟಿದ್ದರು, ಇದೇನು ಮಹಾ, ಅರ್ಧ ಗಂಟೆಯ ಕೆಲಸ, ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದೆ, ಅಷ್ಟು ಜಾಗಕ್ಕೆ ಮಾತ್ರ ಚುಚ್ಚುಮದ್ದು, ಅವರು ಎಚ್ಚರವಾಗಿಯೇ ಇದ್ದರು, ಮುಖದ ಮೇಲೆ ಹಸಿರು ಬಟ್ಟೆ, ಬಟ್ಟೆಯ ಒಳಗಿಂದ ಮಾತು. ಹೆದರಿಕೆಗೆ ಮಾತಾಡುತ್ತಿದ್ದಾರೆ ಎಂದು ಗೊತ್ತಿತ್ತು, ಮಾತಾಡಲಿ ಎಂದು ಬಿಟ್ಟೆ, ನಿಮ್ಮ ಮಗಳು ಭಿನ್ನರಾಶಿ ಚೆನ್ನಾಗಿ ಮಾಡ್ತಾಳೆ ಡಾಕ್ಟ್ರೇ, ಆದ್ರೆ ತುಂಬಾ ಅವಸರ, ಹಂತ ಬರೆಯೋದೇ ಇಲ್ಲ, ನೇರ ಉತ್ತರಕ್ಕೆ ಹಾರಿಬಿಡ್ತಾಳೆ, ಅಪ್ಪನ ಥರ ಅಂತ ಕಾಣತ್ತೆ ಎಂದು ನಾನು ನಕ್ಕೆ, ನರ್ಸಮ್ಮನೂ ನಕ್ಕಳು, ಇನ್ನೂ ಆರು ಜನ ಹೊರಗೆ ಕಾಯುತ್ತಿದ್ದರು, ಹನ್ನೊಂದಕ್ಕೆ ಮೀಟಿಂಗು, ಗಂಟಿನ ಹಿಂದೆ ಬಿಳಿಯ ಎಳೆಯೊಂದು ಅಡ್ಡ ಬಂತು, ಚಿಮಟದಲ್ಲಿ ಹಿಡಿದೆ. ಹಸಿರು ಬಟ್ಟೆಯ ಕೆಳಗೆ ಹೆಗಲು ಒಮ್ಮೆ ಜಿಗಿಯಿತು. ಅಲ್ಲಾಡಬೇಡಿ ಟೀಚರ್ ಎಂದೆ, ನಾನಲ್ಲ ಡಾಕ್ಟ್ರೇ, ಅದೇ ಅಲ್ಲಾಡ್ತು ಎಂದರು, ಅವರ ಮಾತು ಮುಗಿಯುವಷ್ಟರಲ್ಲಿ ಕತ್ತರಿ ಮುಚ್ಚಿತ್ತು.

ಕತ್ತರಿ ಮುಚ್ಚಿತ್ತು ಅಂತೆ — ನೋಡು, ಈಗಲೂ ಕತ್ತರಿಯೇ ಮುಚ್ಚಿತು ಎನ್ನುತ್ತೇನೆ, ನನ್ನ ಬೆರಳು ಅದರಲ್ಲಿ ಇರಲೇ ಇಲ್ಲ ಎನ್ನುವ ಹಾಗೆ. ಎಳೆಯ ಎರಡು ತುದಿಗಳೂ ಹಿಂದಕ್ಕೆ ಸರಿದದ್ದನ್ನು ಕಂಡೆ, ಆಗಲೇ ಗೊತ್ತಾಯಿತು, ಆಗಲೇ ಹೊಲಿಯಬಹುದಿತ್ತು, ಮೇಲಿನ ಮಹಡಿಯಲ್ಲಿ ನರ ಹೊಲಿಯುವವನು ಇದ್ದ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನ್ನ ಶಿಷ್ಯನೇ, ಕರೆದಿದ್ದರೆ ಎರಡು ನಿಮಿಷಕ್ಕೆ ಬರುತ್ತಿದ್ದ, ಬಂದು ನನ್ನ ಮುಖ ನೋಡುತ್ತಿದ್ದ, ಅದೊಂದು ನೋಟ ಬೇಡವೆಂದು ಚರ್ಮ ಮುಚ್ಚಿದೆ, ಎಷ್ಟು ಚೆಂದದ ಹೊಲಿಗೆ, ನರ್ಸಮ್ಮ ಹೊಗಳಿದಳು. ಫೈಲಿನಲ್ಲಿ ಆಪರೇಷನ್ನಿನ ವಿವರ ಮೊದಲೇ ಮುದ್ರಿಸಿ ಇಟ್ಟಿರುತ್ತಾರೆ, ನಾನೇ ಮಾಡಿಸಿದ ಏರ್ಪಾಡು, ಸಮಯ ಉಳಿಯಲಿ ಎಂದು, ಕಂಪ್ಯೂಟರಿನಲ್ಲಿ ಒಂದೇ ನಮೂನೆ, ಹೆಸರು, ವಯಸ್ಸು, ಎಡ ಬಲ ಬದಲಿಸಿದರೆ ಆಯಿತು, ಕೊನೆಯ ಸಾಲು ಯಾವಾಗಲೂ ಒಂದೇ, ನರವನ್ನು ಗುರುತಿಸಿ ಉಳಿಸಲಾಗಿದೆ. ಇವರ ಕತ್ತಿಗೆ ನಾನು ಚಾಕು ಇಡುವ ಮೊದಲೇ ಇವರ ನರ ಕಾಗದದ ಮೇಲೆ ಉಳಿದಿತ್ತು. ಪೆನ್ನು ತೆಗೆದು ಸಹಿ ಹಾಕಿದೆ, ಯಾರೂ ಓದಲಾಗದ ನನ್ನ ಸಹಿ, ಮೀಟಿಂಗಿಗೆ ಹೋದೆ, ಅಲ್ಲಿ ಬಿಸ್ಕತ್ತು ತಿಂದೆ.

ಹುಬ್ಬು ಏರಿಸಿ ಮೇಡಂ, ಹಣೆ ಎರಡೂ ಕಡೆ ಸಮನಾಗಿ ನೆರಿಗೆಗಟ್ಟಿತು, ಕಣ್ಣು ಗಟ್ಟಿಯಾಗಿ ಮುಚ್ಚಿ, ನಾನು ಬಿಡಿಸ್ತೀನಿ, ಬಿಡಬೇಡಿ, ಈಗ ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ, ಟೀಚರಿಗೆ ನಗು ಬಂದು ಗಾಳಿ ಪುಸ್ಸೆಂದು ಹೋಯಿತು, ನಮ್ಮ ಆರನೇ ಕ್ಲಾಸಿನವರು ಇದನ್ನ ನೋಡಬೇಕಿತ್ತು ಮರಿ, ಏಳು ಮುಗಿಯಿತು. ಮುಖದಲ್ಲಿ ಏನೂ ಕೆಟ್ಟಿಲ್ಲ, ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದಿನವೂ ಹೀಗೇ ನಕ್ಕಿದ್ದರು, ಕ್ಯಾನ್ಸರ್ ಅಲ್ಲವಂತೆ, ಬರೀ ಬಾವು ಅಂತೆ, ನೀವು ನನ್ನ ಜೀವ ಉಳಿಸಿದ್ರಿ ಡಾಕ್ಟ್ರೇ, ಒಂದೇ ಒಂದು, ಈ ಕೈ ಮೇಲೆ ಏಳ್ತಿಲ್ಲ, ಹೊಲಿಗೆ ಎಳೆದಿರತ್ತೆ, ಸರಿಹೋಗತ್ತೆ ಎಂದೆ. ಒಂದೂವರೆ ತಿಂಗಳಿಗೆ ಬಂದರು, ವ್ಯಾಯಾಮ ಮಾಡಿ ಎಂದೆ. ಮೂರು ತಿಂಗಳಿಗೆ ಬಂದರು, ಆಗಲೂ ಹೊಲಿಯುವ ಕಾಲ ಮೀರಿರಲಿಲ್ಲ, ನರ ಅಂದ್ರೆ ಹಾಗೇ ಟೀಚರ್, ದಿನಕ್ಕೆ ಕೂದಲೆಳೆಯಷ್ಟು ಬೆಳೆಯತ್ತೆ, ತಾಳ್ಮೆ ಬೇಕು ಎಂದೆ, ಅವರು ತಲೆಯಾಡಿಸಿ ಹೋದರು, ಗೋಡೆಯ ಮೇಲೆ ಬೆರಳಲ್ಲಿ ಹತ್ತುವ ವ್ಯಾಯಾಮ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ದಿನಾ ಮಾಡಿದರಂತೆ, ಗುರುತು ಇದ್ದಲ್ಲೇ ಇತ್ತಂತೆ. ಈಗ ಕಿವಿಯ ಪಕ್ಕ ಪಿಸುಗುಟ್ಟುತ್ತಿದ್ದಾಳೆ, ಏನು ಕೇಳಿಸ್ತು ಮೇಡಂ, ಇಪ್ಪತ್ತೇಳು, ಈ ಕಡೆ, ಅರವತ್ಮೂರು, ಎರಡೂ ಒಂಬತ್ತರ ಮಗ್ಗಿಯಲ್ಲಿ ಬರತ್ತೆ ನೋಡು, ಎಂದರು ಟೀಚರು. ಕಿವಿಗೇನಾಗಿದೆ, ಎರಡರ ಮೇಲೂ ನಾನು ಹೂವಿಟ್ಟು ಕಳಿಸಿದ್ದೆ, ಅಷ್ಟೇ.

ಒಂದು ರಾತ್ರಿ ಊಟದ ಮೇಜಿನಲ್ಲಿ ಮಗಳು, ಅಪ್ಪ, ನಮ್ಮ ಮ್ಯಾತ್ಸ್ ಮಿಸ್ ಈಗ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೀತಾರೆ, ಹಿಂದಿನ ಬೆಂಚಿನವರು ಎದ್ದು ನಿಂತು ನೋಡ್ಬೇಕು, ಹುಡುಗರು ಅರ್ಧ ಬೋರ್ಡು ಅಂತ ಹೆಸರಿಟ್ಟಿದ್ದಾರೆ, ಎಂದು ನಗುತ್ತಾ ಎಡಗೈಯಿಂದ ಬಲ ಮೊಣಕೈ ಎತ್ತಿ ಹಿಡಿದು ಗಾಳಿಯಲ್ಲಿ ಬರೆದು ತೋರಿಸಿದಳು, ನಾನು ತಟ್ಟೆಯನ್ನು ತಳ್ಳಿ ಕೂಗಾಡಿದೆ, ದೊಡ್ಡವರನ್ನ ಆಡಿಕೊಳ್ಳೋದು ಯಾರು ಕಲಿಸಿದ್ದು ನಿನಗೆ, ಅವಳ ಕಣ್ಣಲ್ಲಿ ನೀರು, ಇಷ್ಟಕ್ಕೆ ಯಾಕ್ರೀ ಇಷ್ಟೊಂದು ಎಂದಳು ಹೆಂಡತಿ, ಮಗಳು ಮೂಗು ಒರೆಸಿಕೊಳ್ಳುತ್ತಾ, ನಾನೇನೂ ಆಡಿಕೊಳ್ಳಲಿಲ್ಲ, ಮಿಸ್ ಕ್ಲಾಸಲ್ಲಿ ಎಲ್ಲರ ಮುಂದೆ ಹೇಳ್ತಾರೆ, ಇವಳ ಅಪ್ಪ ನನ್ನ ಜೀವ ಉಳಿಸಿದವರು ಅಂತ, ನನಗೆ ಎಷ್ಟು ಹೆಮ್ಮೆ ಗೊತ್ತಾ. ಅವತ್ತಿನಿಂದ ಆ ಮಗು ನನ್ನ ಮುಂದೆ ಶಾಲೆಯ ಸುದ್ದಿ ಎತ್ತುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಗಾದೆ ಕಟ್ಟಿದವರು ಎಲ್ಲಿಂದ ನನ್ನನ್ನು ನೋಡಿದ್ದರೋ, ಹೆಗಲನ್ನೇ ಯಾಕೆ ಹೇಳಿದರೋ, ಬದನೆಕಾಯಿ, ಅಡಿಕೆ, ಕುಂಬಳಕಾಯಿ, ಇವತ್ತು ತಲೆಯೊಳಗೆ ಪೂರ್ತಿ ಸಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇವತ್ತು ಬೆಳಿಗ್ಗೆ ವರಾಂಡದಲ್ಲಿ ಟೀಚರು ನನ್ನನ್ನು ತಡೆದು, ದನಿ ತಗ್ಗಿಸಿ, ಇನ್ನೆಷ್ಟು ದಿನ ವ್ಯಾಯಾಮ ಮಾಡ್ಬೇಕು ಡಾಕ್ಟ್ರೇ, ಮುಂದಿನ ವರ್ಷದಿಂದ ಪಾಠ ಬೇಡ, ಆಫೀಸಲ್ಲಿ ಕೂತು ಹಾಜರಿ ನೋಡ್ಕೊಳ್ಳಿ ಅಂತಿದ್ದಾರೆ, ನನಗೆ ಪಾಠ ಬಿಟ್ರೆ ಏನೂ ಬರಲ್ಲ, ಎಂದರು, ನಾನು ಪರೀಕ್ಷೆ ಮುಗೀಲಿ ನೋಡೋಣ ಎಂದೆ. ಹೊಲಿಯುವ ಕಾಲ ದಾಟಿಹೋಯಿತು, ಆದರೆ ಇನ್ನೊಂದು ದಾರಿ ಇದೆ, ಬೆನ್ನಿನ ಬೇರೆ ಸ್ನಾಯುಗಳನ್ನು ಜಾಗ ಬದಲಿಸಿ ಕೂರಿಸುವ ಆಪರೇಷನ್ನು, ಮಾಡುವವರಿದ್ದಾರೆ, ಕೈ ಬೋರ್ಡಿನ ತುದಿ ಮುಟ್ಟದಿದ್ದರೂ ಮುಕ್ಕಾಲಿಗಾದರೂ ಬಂದೀತು, ಅಲ್ಲಿಗೆ ಒಂದು ಪತ್ರ ಬರೆಯಬೇಕು, ಪತ್ರದಲ್ಲಿ ಒಂದು ಸಾಲು ಇರಬೇಕು, ಆಪರೇಷನ್ನಿನಲ್ಲಿ ನರ ನನ್ನ ಕೈಯಲ್ಲಿ ತುಂಡಾಗಿದೆ. ಒಂದು ಸಾಲು. ಎಷ್ಟು ಸಲ ಬರೆಯಲು ಕೂತೆ, ದಿನಾಂಕ ಬರೆದು ಎದ್ದುಹೋದೆ, ನನ್ನ ಬಗ್ಗೆ ನನಗೇ ಹೇಸಿಗೆ.

ಆ ಅನ್ನಿ ಮೇಡಂ, ಆ, ಕಿರುನಾಲಿಗೆ ನಡುವೆಯೇ ಎದ್ದಿತು, ಒಂಬತ್ತು, ಹತ್ತು. ಹುಡುಗಿ ಈಗ ಟೀಚರಿನ ಹಿಂದೆ ಹೋಗಿ ನಿಂತಿದ್ದಾಳೆ. ಎರಡೂ ಹೆಗಲ ಮೇಲೆ ಅಂಗೈ ಇಟ್ಟಿದ್ದಾಳೆ. ಹೆಗಲು ಮೇಲೆ ಎತ್ತಿ ಮೇಡಂ, ನಾನು ಒತ್ತಿ ಹಿಡೀತೀನಿ, ನೀವು ಬಿಡಬೇಡಿ — ಎಡಗಡೆಯದು ಎದ್ದಿತು, ಬಲಗಡೆಯದು ಎದ್ದಿಲ್ಲ, ಟೀಚರು ಹಲ್ಲು ಕಚ್ಚಿ, ಕುತ್ತಿಗೆ ಬಿಗಿದು, ಪರೀಕ್ಷೆ ತಮ್ಮದೇ ಎನ್ನುವಷ್ಟು ಶ್ರದ್ಧೆಯಿಂದ ಎತ್ತುತ್ತಿದ್ದಾರೆ, ಮರಿ, ದಿನಾ ಮಾಡ್ತೀನಿ, ಆದ್ರೂ ಬರ್ತಿಲ್ಲ, ಎಂದರು, ತಪ್ಪು ಮಾಡಿದವರ ದನಿಯಲ್ಲಿ. ಅವರು ನಾಚಿಕೊಂಡರು. ನನ್ನ ಪಾಲಿನ ನಾಚಿಕೆಯನ್ನು ಅವರು ಪಟ್ಟರು, ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಹುಡುಗಿ ಕೂದಲು ಸರಿಸಿ ಕತ್ತಿನ ಗಾಯದ ಗುರುತು ನೋಡಿದಳು, ಮುಖವನ್ನು ಎಡಕ್ಕೆ ತಿರುಗಿಸಿ ಮೇಡಂ, ನನ್ನ ಕೈಯನ್ನ ತಳ್ಳಿ, ಈಗ ಬಲಕ್ಕೆ, ಎರಡೂ ಗಟ್ಟಿಯಾಗಿಯೇ ಇದ್ದವು, ಹುಡುಗಿಯ ಕಣ್ಣು ಅಗಲವಾಯಿತು, ಸಿಕ್ಕಿತು ಅವಳಿಗೆ, ನಾನು ಕಂಡೆ. ನಾಲಿಗೆ ಚಾಚಿ ಎಂದು ಹನ್ನೆರಡನ್ನೂ ಮುಗಿಸಿದಳು, ನೆಟ್ಟಗೆ ಬಂತು, ಎಲುಬಿಲ್ಲದ್ದು, ನನಗೂ ಒಂದು ಇದೆ.

ಕಿಟಕಿಯ ಹತ್ತಿರ ಬಾಮ್ಮ ಎಂದು ಕರೆದರು ಜರಡಿ, ರೋಗಿಗೆ ಕೇಳಿಸದಷ್ಟು ದೂರ, ಏನು ಕಂಡೆ ಹೇಳು. ಹನ್ನೊಂದನೇ ನರ ಸರ್, ಬಲಗಡೆ, ಕತ್ತು ತಿರುಗಿಸೋ ಶಕ್ತಿ ಇದೆ, ಅಂದ್ರೆ ಮೇಲಿನ ಕವಲು ಚೆನ್ನಾಗಿದೆ, ಹೆಗಲಿಗೆ ಹೋಗೋದು ಮಾತ್ರ ಹೋಗಿದೆ, ನಡುವೆ ಆಪರೇಷನ್ನಿನ ಗುರುತಿದೆ, ಅಲ್ಲೇ ತುಂಡಾಗಿರ್ಬೇಕು. ಅಬ್ಬಾ, ಹಂತ ಹಂತವಾಗಿ. ಮಾಡಿದವರಿಗೆ ಗೊತ್ತಾಗಿರತ್ತಾ ಎಂದರು ಜರಡಿ, ಗೊತ್ತಾಗಿರ್ಲೇಬೇಕು ಸರ್, ನರ ಹಿಡಿದ್ರೆ ಹೆಗಲು ಜಿಗಿಯತ್ತೆ, ಆಗ ಕೈ ನಿಲ್ಲಿಸ್ಬೇಕು ಅಂತ ಸರ್ ಕ್ಲಾಸಲ್ಲಿ ಹೇಳಿದ್ದಾರೆ, ಎಂದು ನನ್ನ ಕಡೆ ನೋಡಿದಳು, ಭಕ್ತಿಯಿಂದ. ಹಸಿರು ಬಟ್ಟೆಯ ಕೆಳಗೆ ಹೆಗಲು ಒಮ್ಮೆ ಜಿಗಿಯಿತು. ಜರಡಿ ಫೈಲು ತೆಗೆದರು, ಕನ್ನಡಕ ಮೂಗಿನ ತುದಿಗೆ ಇಳಿಸಿದರು, ಇಲ್ಲಿ ಬೇರೆ ಥರ ಬರೆದಿದೆಯಲ್ಲಮ್ಮ, ನರವನ್ನು ಗುರುತಿಸಿ ಉಳಿಸಲಾಗಿದೆ, ಸಹಿ ಯಾರದೋ ಓದಕ್ಕಾಗ್ತಿಲ್ಲ, ಆದ್ರೆ ಬರೆದಿರೋದು ಸ್ಪಷ್ಟವಾಗಿದೆ, ಈಗೇನಂತೀಯ. ಹುಡುಗಿ ಹಾಳೆ ನೋಡಿದಳು, ಹಾಸಿಗೆಯ ಕಡೆ ನೋಡಿದಳು, ಮತ್ತೆ ಹಾಳೆ, ತುಟಿ ಒಣಗಿತ್ತು, ತಾನು ಕೈಯಾರೆ ಒತ್ತಿ ನೋಡಿದ ಹೆಗಲನ್ನು ಬಿಟ್ಟುಕೊಡುತ್ತಿದ್ದಾಳೆ, ಬೇಡ ಮಗು, ಬಿಡಬೇಡ, ನೀನು ಹೇಳಿದ್ದೇ ಸರಿ, ಆ ಸಾಲು ಆಪರೇಷನ್ನಿಗೆ ಮೊದಲೇ ಮುದ್ರಿಸಿಟ್ಟದ್ದು, ಹೇಳು, ಬಾಯಿ ಬಿಡು, ಯಾರಿಗೆ ಹೇಳುತ್ತಿದ್ದೇನೆ, ಅವಳಿಗೋ ನನಗೋ. ಬರೆದಿದ್ದಾರೆ ಅಂದ್ಮೇಲೆ ಉಳಿಸಿರ್ತಾರೆ ಸರ್, ಎಂದಳು, ನನ್ನದೇ ತಪ್ಪಿರ್ಬೇಕು, ಹೆಗಲಿನ ಕೀಲು ಬಿಗಿದಿರಬಹುದು. ಜರಡಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಪೆನ್ಸಿಲು ಅಂಕದ ಹಾಳೆಯ ಮೇಲೆ ನಿಂತಿತು, ನನ್ನ ಕಡೆ ತಿರುಗಿದರು, ಈ ಸಲ ಹಾಸಿಗೆಯವರೆಗೂ ಕೇಳಿಸುವ ದನಿಯಲ್ಲಿ, ನೀವು ಇಲ್ಲಿಯವರೇ ಅಲ್ವಾ ಡಾಕ್ಟ್ರೇ, ನಿಮಗೆ ಗೊತ್ತಿರ್ಬೇಕು, ಈ ನರ ಉಳಿದಿತ್ತಾ ಇಲ್ವಾ.

ಕಿಟಕಿಯ ಗಾಜು, ಫ್ಯಾನಿನ ಸದ್ದು, ಹುಡುಗಿಯ ಮುಖ, ಆಚೆ ಹಾಸಿಗೆಯ ಅಂಚಿನಲ್ಲಿ ಟೀಚರು, ಮೂವರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಮಾಡಿದ್ದು, ಎರಡೇ ಪದ, ಬಾಯಿ ತೆರೆದೆ, ತೆರೆದದ್ದು ನಿಜ, ಅಷ್ಟರಲ್ಲಿ ನನ್ನ ಹೆಗಲು ಎದ್ದವು, ಎರಡೂ, ಸಮನಾಗಿ, ಸಲೀಸಾಗಿ, ಕಿವಿಯ ಹತ್ತಿರದವರೆಗೆ, ನನಗೇನು ಗೊತ್ತು ಎನ್ನುವವರು ಎತ್ತುವ ಹಾಗೆ, ಎದ್ದು, ಇಳಿದವು. ಜರಡಿ ತಲೆಯಾಡಿಸಿ ಹಾಳೆಯಲ್ಲಿ ಒಂದು ಅಂಕೆ ಹೊಡೆದುಹಾಕಿ ಅದಕ್ಕಿಂತ ಚಿಕ್ಕದೊಂದನ್ನು ಬರೆದರು, ಹುಡುಗಿ ಅದನ್ನು ತಲೆಕೆಳಗಾಗಿ ಓದಿದಳು, ಥ್ಯಾಂಕ್ಯೂ ಸರ್ ಎಂದು ನಮ್ಮಿಬ್ಬರಿಗೂ ಹೇಳಿದಳು, ಹತ್ತಿ, ಟಾರ್ಚು ಜೇಬಿಗೆ ತುಂಬಿಕೊಳ್ಳುತ್ತಿದ್ದಾಳೆ. ಟೀಚರು ಇನ್ನೂ ನನ್ನ ಹೆಗಲನ್ನೇ ನೋಡುತ್ತಿದ್ದಾರೆ, ನಗು ಇಲ್ಲ, ಸಿಟ್ಟೂ ಇಲ್ಲ, ಲೆಕ್ಕ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಮೊದಲ ಸಾಲಿನಿಂದ ಕೆಳಕ್ಕೆ ಇಳಿಯುತ್ತಾರಲ್ಲ, ಹಾಗೆ ಕಣ್ಣು ಮೆಲ್ಲಗೆ ನನ್ನ ಹೆಗಲಿನಿಂದ ತೋಳಿಗೆ, ತೋಳಿನಿಂದ ಕೈಗೆ ಇಳಿಯುತ್ತಿದೆ, ಈ ಕೈಯನ್ನು ಎಲ್ಲಿ ಇಡಲಿ, ಜೇಬಿನಲ್ಲೋ, ಬೆನ್ನ ಹಿಂದೆಯೋ, ಹಸಿರು ಬಟ್ಟೆಯ ಕೆಳಗೆ ಹೆಗಲು ಒಮ್ಮೆ ಜಿಗಿಯಿತು, ನಾನಲ್ಲ ಡಾಕ್ಟ್ರೇ, ಅದೇ ಅಲ್ಲಾಡ್ತು, ಹೆಗಲು ಒಮ್ಮೆ ಜಿಗಿಯಿತು, ಹಸಿರು ಬಟ್ಟೆಯ ಕೆಳಗೆ ಹೆಗಲು ಒಮ್ಮೆ